ಎಲ್ಲಿಗೆ ಎಂದು ಕೇಳುವ ದ್ವೀಪದಲ್ಲಿ

ಬಾಲಿ ದಾಟಿ ಲಬುವಾನ್ ಬಾಜೊ

ಬಾಲಿಯ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನವನು ನನ್ನ ಸಾಮಾನು ನೋಡಿ, ಸಿಮೆಂಟು ತಂದಿದ್ದೀರಾ ಎಂದು ಕೇಳಿದ. ತಪ್ಪು ಅವನದಲ್ಲ. ಸೈಕಲ್ಲಿನ ಎರಡು ಬದಿಗೆ ನೇತುಹಾಕುವ ನನ್ನ ಚೀಲಗಳನ್ನು ಹೊಲಿದದ್ದೇ ಸಿಮೆಂಟಿನ ಖಾಲಿ ಚೀಲಗಳಿಂದ. ಸಿಮೆಂಟು ಫ್ಯಾಕ್ಟರಿಗಳಿರುವ ಸೇಡಂ, ವಾಡಿ, ಶಹಾಬಾದ ಕಡೆಯವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ನಮ್ಮಲ್ಲಿ ಜೋಳ ತುಂಬುವುದು ಅದರಲ್ಲೇ, ಬಾಗಿಲಿಗೆ ಕಾಲೊರಸು ಅದೇ, ಮಳೆ ಬಂದರೆ ತಲೆಯ ಮೇಲೆ ಕೊಪ್ಪೆಯೂ ಅದೇ. ಅವನು ಚೀಲದ ಮೇಲೆ ಬೆರಳಾಡಿಸಿದ, ಬೆರಳಿಗೆ ಹತ್ತಿದ ಬೂದು ಪುಡಿಯನ್ನು ಮೂಸಿದ, ನನ್ನ ಮುಖ ನೋಡಿದ, ಹೋಗು ಎಂದು ಕೈ ಮಾಡಿದ.

ಚೀಲ ಹೊಲಿದವಳು ಶಾಹೀನ್. ಅವಳು ಯಾರೆಂದು ಮೊದಲೇ ಹೇಳಿಬಿಡುತ್ತೇನೆ. ಸೇಡಂನಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದಾಳೆ, ನನ್ನ ಗೆಳತಿ. ನಾನು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ನಲವತ್ತು ದಾಟಿದ ಮೇಲೆ ಸಕ್ಕರೆ ಕಾಯಿಲೆಯ ಹೆದರಿಕೆಗೆ ಇಬ್ಬರೂ ಸೈಕಲ್ ಕಲಿತೆವು. ಯಾರ ಕಣ್ಣಿಗೂ ಬೀಳಬಾರದೆಂದು ಬೆಳಕು ಹರಿಯುವ ಮೊದಲೇ ಮೈದಾನಕ್ಕೆ ಹೋಗಿ, ಬಿದ್ದು ಎದ್ದು ಕಲಿತದ್ದು. ಆಮೇಲೆ ಭಾನುವಾರಕ್ಕೊಮ್ಮೆ ಮಳಖೇಡ, ಧೈರ್ಯ ಬಂದ ಮೇಲೆ ಚಿತ್ತಾಪುರ, ಒಮ್ಮೆ ಚಿಂಚೋಳಿಯ ಗುಡ್ಡ. ಆ ಗುಡ್ಡ ಹತ್ತಿ ಇಳಿದ ದಿನ ನಾವು ಹಿಮಾಲಯ ಮುಗಿಸಿ ಬಂದವರ ಹಾಗೆ ಊರಲ್ಲಿ ತಿರುಗಾಡಿದ್ದೆವು.

ಫ್ಲೋರೆಸ್ ದ್ವೀಪವನ್ನು ಹುಡುಕಿದವಳೂ ಅವಳೇ. ಗುಂಡಿ ಹಚ್ಚುತ್ತ ಫೋನಿನಲ್ಲಿ ವಿಡಿಯೊ ನೋಡುವುದು ಅವಳ ಚಟ. ಒಂದು ದಿನ ನನ್ನನ್ನು ಕರೆದು ತೋರಿಸಿದಳು. "ಈ ಕಡಿ ಸಮುದ್ರ, ಆ ಕಡಿ ಗುಡ್ಡ. ನಮ್ಮಲ್ಲಿ ಎರಡೂ ಇಲ್ಲ ನೋಡ. ಹೋಗೋಣೇನು?" ಇಂಡೋನೇಷ್ಯದಲ್ಲಿ ಬಾಲಿಯಿಂದ ಇನ್ನೂ ಪೂರ್ವಕ್ಕೆ, ನಕಾಶೆಯ ಮೇಲೆ ಮೆಣಸಿನಕಾಯಿಯ ಹಾಗೆ ಅಡ್ಡ ಮಲಗಿದ ದ್ವೀಪ. ಪಶ್ಚಿಮದ ಲಬುವಾನ್ ಬಾಜೊದಿಂದ ಪೂರ್ವದ ಮೌಮೆರೆವರೆಗೆ ಒಂದೇ ರಸ್ತೆ. ಅದನ್ನು ಇಬ್ಬರೂ ತುಳಿಯುವುದು ಎಂದಾಯಿತು.

ಹೊರಡುವ ಹೊತ್ತಿಗೆ ಶಾಹೀನಳ ಬಲ ಮೊಣಕಾಲು ಬಾತುಕೊಂಡಿತು. ಕಲಬುರಗಿಯ ಡಾಕ್ಟರಿಗೆ ತೋರಿಸಿ ಬಂದವಳು, "ಬ್ಯಾಸಿಗಿ ಕಳೀಲಿ, ಕಡಿಮಿ ಆಗ್ತದಂತ. ನೀ ಹೋಗಿ ಬಾ. ನಾ ಮುಂದಿನ ವರ್ಷ ಬರ್ತೀನಿ," ಎಂದಳು. ನೀನಿಲ್ಲದೆ ನಾನು ಒಲ್ಲೆ ಎಂದೆ. "ಒಬ್ರರೆ ದಾರಿ ನೋಡಿಟ್ಟು ಬರ್ಬೇಕೋ ಬ್ಯಾಡೋ? ಹೋಗಬೇ," ಎಂದು ಬೈದು ಕಳಿಸಿದಳು. ನಮ್ಮ ಮನೆಯವರು ಸಿಮೆಂಟು ಫ್ಯಾಕ್ಟರಿಯ ಪಾಳಿ ಮುಗಿಸಿ ಬಂದು, ಸೈಕಲ್ಲಿನ ಪೆಟ್ಟಿಗೆಯನ್ನು ಹೈದರಾಬಾದ್ ಬಸ್ಸಿಗೆ ಏರಿಸಿ, ಫೋನು ಎತ್ತು ಎಂದಷ್ಟೇ ಹೇಳಿದರು.

ಹೀಗಾಗಿ ನಾನು ಬಂದದ್ದು ದಾರಿ ನೋಡಲಿಕ್ಕೆ. ಮುಂದಿನ ವರ್ಷ ಶಾಹೀನಳನ್ನು ಕರೆತರಬೇಕಾದರೆ ಯಾವ ಏರು ಅವಳ ಕಾಲಿಗೆ ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ನನ್ನ ಕಾಲಿಗೆ ಗೊತ್ತಿರಬೇಕು. ಎಲ್ಲಿಯೂ ಗಾಡಿ ಹತ್ತಬಾರದು ಎಂದು ಲಬುವಾನ್ ಬಾಜೊದ ಬಂದರಿನಲ್ಲಿ ನಿಂತು ನಿರ್ಧಾರ ಮಾಡಿದೆ. ಏರು ಕಣ್ಣಿಗೆ ಬಿದ್ದಿರಲಿಲ್ಲ ಇನ್ನೂ.

ಲೆಂಬೋರ್ ದಾರಿ

ಊರು ಬಿಟ್ಟು ಮೊದಲ ಏರಿಗೆ ಮುಖ ಮಾಡಿದ್ದೆ, ಅಷ್ಟೇ. ಜಗಲಿಯ ಮೇಲೆ ಎಲೆ ಅಡಿಕೆ ಜಗಿಯುತ್ತ ಕುಳಿತಿದ್ದ ಮುದುಕಿಯೊಬ್ಬಳು ಕೂಗಿ ಕೇಳಿದಳು: "ಮಾವ್ ಕೆ ಮಾನಾ?" ಎಲ್ಲಿಗೆ ಹೊರಟೆ ಎಂದು ಅದರ ಅರ್ಥ.

ನಮ್ಮ ಕಡೆಯವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಆಗುವುದಿಲ್ಲ. ತಿಳಿಯಲೇಬೇಕೆಂದರೆ "ದೂರೇನ್ರಿ?" ಎಂದು ಸುತ್ತಿ ಬಳಸಿ ಕೇಳಬೇಕು. ಯಾರಾದರೂ ಬಾಯಿ ತಪ್ಪಿ ಕೇಳಿಬಿಟ್ಟರೆ ಹೊರಟವರು ತಿರುಗಿ ಬಂದು, ತುಸು ಕುಳಿತು, ನೀರು ಕುಡಿದು, ಹೊಸದಾಗಿ ಹೊರಡಬೇಕು. ಬೆಕ್ಕು ಅಡ್ಡ ಬಂದರೆ ಬೆಕ್ಕಿಗೂ ಎಲ್ಲಿಗೋ ಹೋಗುವುದಿದೆ ಎಂದಷ್ಟೇ ಅರ್ಥ ಎಂದು ನಾನು ಮಕ್ಕಳಿಗೆ ಪಾಠ ಮಾಡುತ್ತೇನೆ. ಆದರೆ ಅವ್ವ ಕಲಿಸಿದ್ದು ಪುಸ್ತಕದ ಮಾತು ಕೇಳುವುದಿಲ್ಲ. ಸೈಕಲ್ ಇಳಿದೆ. ಮುದುಕಿಯ ಪಕ್ಕದಲ್ಲಿ ಹೋಗಿ ಕುಳಿತೆ. ನೀರು ಬೇಕು ಎಂದು ಸನ್ನೆ ಮಾಡಿದೆ. ಅವಳು ಒಳಗೆ ಹೋಗಿ ದೊಡ್ಡ ಗ್ಲಾಸು ತುಂಬ ತಂದುಕೊಟ್ಟಳು. ಕುಡಿದು, ಕೈ ಮುಗಿದು, ಹೊಸದಾಗಿ ಹೊರಟೆ.

ಎರಡು ತಿರುವು ದಾಟಿರಲಿಲ್ಲ, ಇಟ್ಟಿಗೆ ಹೊರುತ್ತಿದ್ದವನು ಕೇಳಿದ: ಮಾವ್ ಕೆ ಮಾನಾ? ಚರ್ಚಿನ ಮುಂದೆ ನಿಂತಿದ್ದ ಹೆಂಗಸರು ಒಟ್ಟಾಗಿ ಕೇಳಿದರು. ಬಾಟಲಿಯಲ್ಲಿ ಪೆಟ್ರೋಲು ತುಂಬಿಟ್ಟು ಮಾರುವವಳು ಕೇಳಿದಳು. ಮರಕ್ಕೆ ಕಟ್ಟಿದ ಕಾಳಗದ ಹುಂಜ ಒಂದು ಬಿಟ್ಟು ಉಳಿದವರೆಲ್ಲರೂ ಕೇಳಿದರು. ಪ್ರತಿ ಸಲ ಇಳಿದೆ, ಕುಳಿತೆ, ಕುಡಿದೆ. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆಯಲ್ಲಿ ನೀರು ಕುಲುಕಾಡುತ್ತಿತ್ತು. ಕುಡಿದ ನೀರು ಹೊರಗೆ ಹೋಗಲೇಬೇಕಲ್ಲ. ಆಮೇಲೆ ಅದಕ್ಕೂ ಇಳಿಯಬೇಕಾಯಿತು. ಮಕ್ಕಳಂತೂ "ಹಲೋ ಮಿಸ್ಟರ್" ಎಂದು ಹಿಂದೆ ಓಡಿ ಬರುತ್ತಿದ್ದರು. ಜಡೆ ತೋರಿಸಿದರೂ ನಾನು ಅವರಿಗೆ ಮಿಸ್ಟರೇ.

ಭಾಷೆ ಮಾತ್ರ ಅಷ್ಟು ದೂರದ್ದು ಅನ್ನಿಸಲಿಲ್ಲ. ಕುರ್ಚಿಗೆ ಅವರಲ್ಲೂ ಕುರ್ಸಿ, ಜಗತ್ತಿಗೆ ದುನಿಯಾ, ಬ್ರೆಡ್ಡಿಗೆ ರೋಟಿ, ಹೇಗಿದ್ದೀರಿ ಎನ್ನಲು ಆಪಾ ಕಬರ್, ಅಂದರೆ ಏನು ಖಬರ್. ಸೇಡಂ ಬಸ್ ಸ್ಟ್ಯಾಂಡಿನಲ್ಲಿ ಎರಡು ಗಂಟೆ ಕುಳಿತು ಎದ್ದವರಿಗೆ ಇದರಲ್ಲಿ ಅರ್ಧ ಮೊದಲೇ ಬರುತ್ತದೆ.

ಸಂಜೆ ಲೆಂಬೋರ್ ಎಂಬ ಊರು ತಲುಪಿ ಶಾಹೀನಳಿಗೆ ಮಾತು ರೆಕಾರ್ಡು ಮಾಡಿ ಕಳಿಸಿದೆ. ಮೊದಲ ಏರು ಉದ್ದ, ಆದರೆ ಮೆಲ್ಲಗೆ ಏರುತ್ತದೆ, ನಿನ್ನ ಕಾಲಿಗೆ ಆಗುತ್ತದೆ. ಎರಡನೆಯದಕ್ಕೆ ಇಳಿದು ತಳ್ಳಬೇಕು. ಸೇತುವೆಯ ಹತ್ತಿರ ಕೆಂಪು ನಾಯಿ ಇದೆ, ಅದಕ್ಕೆ ಬಿಸ್ಕೀಟು ಇಟ್ಟುಕೊಳ್ಳಬೇಕು. ದಣಿವಾಗಿದೆ. ಆಗಿನಿಂದ ದಿನವೂ ಹೀಗೇ ಒಂದು ವರದಿ. ಕೊನೆಗೆ ದಣಿವಾಗಿದೆ ಎಂಬ ಮಾತು ಒಂದು ದಿನವೂ ತಪ್ಪಲಿಲ್ಲ.

ರುತೆಂಗ್

ರುತೆಂಗ್ ಎತ್ತರದ ಊರು, ಚಳಿಯ ಊರು. ಅಲ್ಲಿಗೆ ಹೋಗುವ ರಸ್ತೆ ಮುಗಿಯಿತು ಎನ್ನುವಾಗ ಇನ್ನೊಂದು ತಿರುವಿನಲ್ಲಿ ಮತ್ತೆ ತಲೆ ಎತ್ತಿ ನಿಲ್ಲುತ್ತದೆ. ಸೇಡಂನ ಮೇ ತಿಂಗಳ ಬಿಸಿಲಿಗೆ ಬೈದುಕೊಂಡು ಬಂದವಳು ನಾನು. ಇಲ್ಲಿ ಅರ್ಧ ಏರಿನಲ್ಲಿ ಮಳೆ ಹಿಡಿಯಿತು. ಹಲ್ಲು ಕಟಕಟ ಎನ್ನುತ್ತಿತ್ತು. ಬೆಂಚು ಹಾಕಿದ ಲಾರಿಯೇ ಇಲ್ಲಿ ಬಸ್ಸು. ಅಂಥದ್ದೊಂದು ಕಿವಿಗಡಚಿಕ್ಕುವ ಹಾಡು ಹಾಕಿಕೊಂಡು ಬಂದು ನನ್ನ ಪಕ್ಕ ನಿಧಾನ ಮಾಡಿತು. ಒಳಗಿನವರೆಲ್ಲ ಹತ್ತು ಹತ್ತು ಎಂದು ಕೈ ಮಾಡಿದರು. ಒಲ್ಲೆ ಎಂದು ತಲೆಯಾಡಿಸಿದೆ. ಅವರು ಹೋದ ಮೇಲೆ ನನ್ನ ಹಟಕ್ಕೆ ನಾನೇ ಬೈದುಕೊಂಡೆ.

ತಂಗಿದ ಮನೆಯಲ್ಲಿ ಬೆಳಿಗ್ಗೆ ಎದ್ದು ಚೀಲ ತೆರೆಯಲು ಹೋದರೆ ತೆರೆಯಲಿಲ್ಲ. ಶಾಹೀನಳ ಹೊಲಿಗೆಯ ಮಡಿಕೆಗಳ ಒಳಗೆ ಉಳಿದಿದ್ದ ಸಿಮೆಂಟು ಮಳೆಗೆ ನೆನೆದು, ಬೆಳಗಾಗುವುದರಲ್ಲಿ ಕಲ್ಲಾಗಿತ್ತು. ಜಿಪ್ಪು ಕಲ್ಲು, ಅಂಚು ಕಲ್ಲು, ನನ್ನ ಒಂದು ಕಾಲುಚೀಲವೂ ಅದಕ್ಕೆ ಅಂಟಿ ಕಲ್ಲು. ಮನೆಯ ಯಜಮಾನ ಸುತ್ತಿಗೆ ತಂದ. ಇಬ್ಬರೂ ಅಂಗಳದಲ್ಲಿ ಕುಳಿತು ನನ್ನ ಸಾಮಾನನ್ನು ಒಡೆದು ತೆಗೆದೆವು. ಅವನ ಹೆಂಡತಿ ನಕ್ಕು ನಕ್ಕು ಕಂಬ ಹಿಡಿದುಕೊಂಡಳು. ನನಗೆ ನಗು ಬರಲಿಲ್ಲ.

"ಚೀಲ ಝಾಡಿಸಿದ್ದಿಲ್ಲೇನು ನೀ?" ಎಂದು ಫೋನಿನಲ್ಲಿ ಜಗಳ ತೆಗೆದೆ.

"ಝಾಡಿಸೀನಿ. ಹೊಲಗಿ ಒಳಗ ಉಳದದ ಕಾಣ್ತದ," ಎಂದಳು ಶಾಹೀನ್. "ಹ್ಯಾಂಗರೆ ಇರಲಿ, ಗಟ್ಟಿ ಆತಲ್ಲ. ನಮ್ಮೂರ ಸಿಮೆಂಟಂದ್ರ ಸುಮ್ನ ಅಂದ್ಕೊಂಡಿ?"

ಬಜಾವಾಗೆ ಹೋಗುವಾಗ

ಈ ದ್ವೀಪದಲ್ಲಿ ಸತ್ತವರನ್ನು ಮನೆಯ ಮುಂದೆಯೇ ಇಡುತ್ತಾರೆ. ಅಂಗಳದಲ್ಲಿ ಟೈಲ್ಸ್ ಹಾಕಿದ ಗೋರಿ, ಅದಕ್ಕೊಂದು ಚಪ್ಪರ. ಅದರ ಮೇಲೆ ಬಟ್ಟೆ ಒಣಗಿಸುತ್ತಾರೆ, ಮಕ್ಕಳು ಕುಳಿತು ಓದುತ್ತಾರೆ, ಅಜ್ಜಂದಿರು ಮಧ್ಯಾಹ್ನ ಅಡ್ಡಾಗುತ್ತಾರೆ. ನಮ್ಮಲ್ಲಿ ಹೊರಗಿನ ಕಟ್ಟೆಗೆ ಹಾಸಿದ ಶಹಾಬಾದಿ ಕಲ್ಲಿಗೆ ಇರುವ ಕೆಲಸಗಳೆಲ್ಲ ಇಲ್ಲಿ ಗೋರಿಗೆ. ಮೊದಲು ಕಸಿವಿಸಿಯಾಯಿತು. ನಾಲ್ಕಾರು ಏರು ಕಳೆದ ಮೇಲೆ ನಾನೂ ಒಂದರ ಮೇಲೆ ಕುಳಿತೆ. ದಣಿದವರಿಗೆ ಯಾವ ಕಲ್ಲಾದರೇನು.

ಹಾಗೆ ಕುಳಿತಿದ್ದಾಗ ಆ ಮನೆಯ ಮಗಳು ಹೊರಬಂದಳು. ಹೆಸರು ಮಾರಿಯಾ, ಊರಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು. ಬಂದವಳೇ ಅದೇ ಪ್ರಶ್ನೆ ಕೇಳಿದಳು. ನಾನು ಅಭ್ಯಾಸಬಲದಿಂದ ನೀರು ಕೇಳಿದೆ. ತಂದುಕೊಟ್ಟು, ನನ್ನ ಬಾಟಲಿ ತುಂಬಿರುವುದನ್ನು ನೋಡಿ, ನಿಮ್ಮ ನೀರು ಇದೆಯಲ್ಲ ಎಂದಳು. ನಮ್ಮ ಪದ್ಧತಿಯನ್ನು ವಿವರಿಸಿದೆ. ಅವಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು.

"ಅಯ್ಯೋ ಟೀಚರ್, ನಾವು ಯಾರೂ ಉತ್ತರಕ್ಕಾಗಿ ಕೇಳುವುದಿಲ್ಲ. ಅದು ನಮಸ್ಕಾರ ಇದ್ದ ಹಾಗೆ. ಸುಮ್ಮನೆ ತಿರುಗಾಡುತ್ತಿದ್ದೇನೆ ಎಂದರೆ ಮುಗಿಯಿತು. ನೀವು ಎಲ್ಲರ ಮನೆಯಲ್ಲೂ ಇಳಿದಿರಾ?"

ಎಲ್ಲರ ಮನೆಯಲ್ಲೂ ಇಳಿದಿದ್ದೆ. ರುತೆಂಗಿನಿಂದ ಈಚೆಗೆ ದಾರಿಗುಂಟ ಇಂಡಿಯಾದಿಂದ ಬಂದ, ಬಾಯಾರಿಕೆ ತೀರದ ಒಬ್ಬ ಹೆಂಗಸಿನ ಸುದ್ದಿ ನನಗಿಂತ ಮೊದಲೇ ಹೋಗುತ್ತಿತ್ತಂತೆ. ಮಾರಿಯಾಳ ಅತ್ತೆಯೂ ಫೋನ್ ಮಾಡಿ ಹೇಳಿದ್ದಳಂತೆ. ನಮ್ಮೂರಲ್ಲಿ ಊಟ ಆಯ್ತೇನ್ರಿ ಎಂದು ಕೇಳುತ್ತೇವಲ್ಲ, ಅದಕ್ಕೆ ಯಾರಾದರೂ ಇಲ್ಲ ಎಂದು ಒಳಗೆ ಬಂದು ತಾಟಿನ ಮುಂದೆ ಕುಳಿತರೆ ಹೇಗೋ, ಹಾಗಾಗಿತ್ತು ನನ್ನ ನಡತೆ. ನಾಚಿಕೆಯಾಯಿತು. ಆದರೂ ಒಂದು ಮಾತು ಹೇಳಬೇಕು. ಅಷ್ಟು ಮನೆಗಳಲ್ಲಿ ಒಂದು ಮನೆಯವರೂ ಇವಳಿಗೇನು ಬಂದಿದೆ ಎಂಬಂತೆ ನೋಡಿರಲಿಲ್ಲ. ಎಲ್ಲರೂ ಎದ್ದು ಒಳಗೆ ಹೋಗಿ ನೀರು ತಂದಿದ್ದರು.

ಅಂದಿನಿಂದ ಯಾರು ಕೇಳಿದರೂ "ಜಾಲಾನ್ ಜಾಲಾನ್" ಎಂದು ಕೂಗಿ ಮುಂದೆ ಹೋದೆ. ಸುಮ್ಮನೆ ತಿರುಗಾಟ. ಬೇಗ ಬೇಗ ದಾರಿ ಸಾಗಿತು, ದಣಿವು ಇಮ್ಮಡಿಯಾಯಿತು. ಇಷ್ಟು ದಿನ ನನ್ನನ್ನು ಉಳಿಸಿದ್ದು ಆ ಪ್ರಶ್ನೆಯೇ ಎಂದು ಆಮೇಲೆ ತಿಳಿಯಿತು.

ಎಂದೆ

ಎಂದೆ ಎಂಬ ಊರಿನ ಹತ್ತಿರ ರಸ್ತೆ ಸಮುದ್ರದ ಪಕ್ಕಕ್ಕೆ ಇಳಿಯುತ್ತದೆ. ಅಲ್ಲಿಯ ದಂಡೆಯಲ್ಲಿ ನೀಲಿ, ಹಸಿರು ಬಣ್ಣದ ನುಣುಪು ಕಲ್ಲುಗಳು. ಹೆಂಗಸರು ಆರಿಸಿ, ದೊಡ್ಡದು ಸಣ್ಣದು ಬೇರೆ ಮಾಡಿ, ರಸ್ತೆಯುದ್ದಕ್ಕೂ ಗುಡ್ಡೆ ಹಾಕಿ ಮಾರುತ್ತಾರೆ. ಕಲ್ಲು ಮಾರಿ ಬದುಕುವ ಊರಿನ ವಾಸನೆ ನನಗೆ ಗೊತ್ತು. ಮೈ ಮೇಲೆ ಅದೇ ಧೂಳು, ಬೆರಳಿಗೆ ಅದೇ ಚಿಂದಿ ಸುತ್ತಿದ ಗಾಯ, ಲಾರಿ ಬಂದರೆ ಅದೇ ಅವಸರ. ಬಣ್ಣವೊಂದೇ ಬೇರೆ. ಒಬ್ಬಳು ನನ್ನ ಕೈಗೆ ಒಂದು ನೀಲಿ ಕಲ್ಲು ಇಟ್ಟು ಇಟ್ಟುಕೋ ಎಂದಳು. ಇನ್ನು ಒಂದು ಕಲ್ಲಿನ ಭಾರವನ್ನೂ ನಾನು ಎಳೆಯಲಾರೆ ಎಂದು ತಿಳಿಸುವುದು ಹೇಗೆ? ತೆಗೆದುಕೊಂಡು, ಮುಂದಿನ ಗುಡ್ಡೆಯ ಮೇಲೆ ಇಟ್ಟು ಹೋದೆ.

ಆಗ ಗಮನಿಸಿದೆ. ಈ ಕಡೆ ಸಮುದ್ರ, ಆ ಕಡೆ ಗುಡ್ಡ. ಶಾಹೀನಳ ವಿಡಿಯೊದಲ್ಲಿದ್ದದ್ದು ಇಂಥದೇ ರಸ್ತೆ. ಇದಕ್ಕಾಗಿ ಎರಡು ವರ್ಷ ಕನಸು ಕಂಡಿದ್ದೆವು. ಇಳಿದು ನಿಂತು ನೋಡಿದೆ. ನನಗೆ ಏನೂ ಅನ್ನಿಸಲಿಲ್ಲ. ಬೆನ್ನು ನೋಯುತ್ತಿತ್ತು, ಕುಳಿತಲ್ಲಿ ಚರ್ಮ ಸುಲಿದಿತ್ತು, ಬಿಸಿಲಿಗೆ ತುಟಿ ಒಡೆದು ಅನ್ನದ ಜೊತೆಗಿನ ಮೆಣಸಿನ ಚಟ್ನಿಯನ್ನೂ ಮುಟ್ಟಲಾಗುತ್ತಿರಲಿಲ್ಲ. ಕಲಬುರಗಿ ಕಡೆಯವಳು ಖಾರಕ್ಕೆ ಹೆದರಿದ್ದು ಅದೇ ಮೊದಲು. ಇಷ್ಟು ಚಂದದ ಜಾಗದಲ್ಲಿ ನಿಂತು ಹಾಸಿಗೆಯನ್ನು ನೆನೆಯುತ್ತಿದ್ದೇನಲ್ಲ ಎಂದು ದುಃಖವಾಯಿತು. ಜೊತೆಗೆ ಅವಳಿದ್ದಿದ್ದರೆ ಅವಳೇ ಕೂಗಾಡಿ ಇಬ್ಬರ ಪಾಲಿನ ಸಂತೋಷವನ್ನೂ ಪಡುತ್ತಿದ್ದಳು.

ಮೋನಿ

ಎಂದೆಯಿಂದ ಮೋನಿಗೆ ಮತ್ತೆ ಗುಡ್ಡ. ಒಂದು ಕಡೆ ಗುಡ್ಡ ಕುಸಿದು ರಸ್ತೆ ಅರ್ಧ ಹೋಗಿತ್ತು. ಕೆಸರಿನಲ್ಲಿ ಸೈಕಲ್ ಹೊತ್ತು ದಾಟಿದೆ. ಮೋನಿ ತಲುಪಿದ ಮರುದಿನ ಏಳಲಿಕ್ಕೇ ಆಗಲಿಲ್ಲ. ಅದರ ಮರುದಿನ ಎದ್ದು, ಚೀಲ ಕಟ್ಟಿ, ಊರ ಹೊರಗಿನ ಏರಿನ ಬುಡಕ್ಕೆ ಬಂದು ತಲೆ ಎತ್ತಿ ನೋಡಿದೆ. ಕಾಲು ಪೆಡಲಿನ ಮೇಲೆ ಹೋಗಲಿಲ್ಲ. ನೋವಲ್ಲ, ಹೆದರಿಕೆಯಲ್ಲ, ಸಾಕಾಗಿತ್ತು.

ತರಕಾರಿ ತುಂಬಿದ ಪಿಕಪ್ಪೊಂದು ನಿಂತಿತು. ಮೌಮೆರೆಗೆ ಹೋಗುವವನು. ಸೈಕಲ್ ಹಿಂದೆ ಹಾಕು ಎಂದ. ನಾನು ಹಾಕಿಯೇಬಿಟ್ಟೆ. ಒಂದು ನಿಮಿಷ ಎಂದು ಅವನಿಗೆ ಕೈ ತೋರಿಸಿ, ಶಾಹೀನಳಿಗೆ ಫೋನ್ ಮಾಡಿದೆ. ಹೇಳದೆ ಹತ್ತಲು ಮನಸ್ಸು ಒಪ್ಪಲಿಲ್ಲ.

"ನನ್ನಿಂದ ಆಗಂಗಿಲ್ಲ, ಶಾಹೀನ್. ಇಲ್ಲಿಗೇ ಬಿಡ್ತೀನಿ. ಉಳಿದಿದ್ದು ಮುಂದಿನ ವರ್ಷ ಇಬ್ರೂ ಕೂಡೇ ಮಾಡೋಣ."

ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು. "ನನ್ನ ಹೆಸರು ಹೇಳಿ ಗಾಡಿ ಹತ್ತಬ್ಯಾಡ," ಎಂದಳು.

"ಹೆಸರು ಹೇಳೋದೇನದ ಇದ್ರಾಗ? ಮುಂದಿನ ವರ್ಷ ನೀ ಬರೋದದ ಇಲ್ಲೋ?"

"ಸುಜಾತಾ, ಕೇಳ್ ಇಲ್ಲಿ. ಬ್ಯಾಸಿಗಿ ಕಳೀಲಿ ಅಂತ ಡಾಕ್ಟರ್ ಅಂದಿದ್ದಿಲ್ಲ. ಮೊಣಕಾಲಾಗ ಏನೂ ಉಳದಿಲ್ಲ, ಎಲುಬಿಗಿ ಎಲುಬು ತಿಕ್ಕಲಿಕತ್ತದ, ಸೈಕಲ್ ಇನ್ನ ಮರತುಬಿಡ್ರಿ ಅಂದಾರ. ನಿಂಗ ಹೇಳಿದ್ರ ನೀ ಹೋಗ್ತಿದ್ದಿಲ್ಲ. ಅದಕ್ಕ ಹೇಳಿಲ್ಲ."

ನನಗೆ ಸಿಟ್ಟು ಬಂತು. ಅಳುವಿಗಿಂತ ಮೊದಲು ಬಂದದ್ದು ಸಿಟ್ಟೇ. "ಮತ್ತ ಇಷ್ಟು ದಿನ ನಾ ಯಾರ ಸಲುವಾಗಿ ದಾರಿ ನೋಡ್ಲಿಕತ್ತೀನಿ? ಈ ಏರು ನಿನ್ನ ಕಾಲಿಗಿ ಆಗ್ತದ, ಆ ಏರು ಆಗಂಗಿಲ್ಲ ಅಂತ ಹುಚ್ಚಿ ಹಂಗ ಹೇಳ್ಕೋತ ಹೊಂಟೀನಿ, ನೀ ಹ್ಞೂಂ ಹ್ಞೂಂ ಅನ್ಲಿಕತ್ತಿ!"

"ಹೌದು, ಅಂದೀನಿ. ಯಾಕ ಅನಬಾರದು? ನೀ ಕಳಿಸಿದ್ದು ದಿನಾ ಹೊಲಕೋತ ಕೇಳ್ತೀನಿ. ಯಾ ಸೇತುವಿ ಹಂತ್ಯಾಕ ಕೆಂಪು ನಾಯಿ ಅದ, ಯಾ ಏರಿನಾಗ ಇಳದು ತಳ್ಳಬೇಕು, ಎಲ್ಲಾ ಬಾಯಿಪಾಠ ಆಗ್ಯಾದ ನಂಗ. ಅಂಗಡಿಗಿ ಬಂದವರಿಗೆಲ್ಲಾ ಹೇಳ್ತೀನಿ. ನೀ ನಡುವ ಬಿಟ್ರ ನಾಳಿ ನಾ ಏನ್ ಹೇಳ್ಲಿ? ಎಲ್ಲಿಗಿ ಮುಟ್ಲಿ ನಾ?" ಆಮೇಲೆ, "ಗಿರಾಕಿ ಬಂದಾರ, ಇಡ್ತೀನಿ," ಎಂದು ಫೋನ್ ಇಟ್ಟಳು. ಗಿರಾಕಿ ಬಂದಿರಲಿಲ್ಲ ಎಂದು ನನಗೆ ಗೊತ್ತು. ಬಂದಿದ್ದರೆ ದನಿ ಕೇಳುತ್ತಿತ್ತು.

ರಸ್ತೆಯ ಬದಿಯಲ್ಲಿ ಕುಳಿತು ಅತ್ತೆ. ಮುಂದಿನ ವರ್ಷ ಎಂಬುದೊಂದು ಇಲ್ಲವಾಯಿತಲ್ಲ ಎಂದು ಅತ್ತೆ. ನನ್ನ ಭಾನುವಾರಗಳು ಹೋದವಲ್ಲ ಎಂದು ಅತ್ತೆ. ಅವಳ ಕಾಲು ಹೋದದ್ದಕ್ಕಿಂತ ನನ್ನ ಭಾನುವಾರಕ್ಕೆ ಅಳುತ್ತಿದ್ದೇನಲ್ಲ ಎಂದು ಇನ್ನಷ್ಟು ಅತ್ತೆ. ಪಿಕಪ್ಪಿನವನು ಪಾಪ, ಏನೂ ಕೇಳದೆ ಕಾದ. ಕಡೆಗೆ ನಾನೇ ಎದ್ದು ಸೈಕಲ್ ಇಳಿಸಿಕೊಂಡೆ. ಹೋಗು ಎಂದು ಕೈ ಮಾಡಿದೆ. "ಹಾತಿ ಹಾತಿ," ಎಂದ. ಜೋಪಾನ ಎಂದರ್ಥ. ಎರಡು ಬದನೆಕಾಯಿ ನನ್ನ ಕೈಗಿಟ್ಟು ಹೋದ. ಸೈಕಲ್ಲಿನ ಮೇಲೆ ಹಸಿ ಬದನೆಕಾಯಿ ಇಟ್ಟುಕೊಂಡು ಏನು ಮಾಡಬೇಕೋ ತಿಳಿಯದೆ ಅವನ್ನೂ ಚೀಲಕ್ಕೆ ತುರುಕಿ ಏರಿಗೆ ಬಿದ್ದೆ.

ಮೌಮೆರೆ

ಆ ಏರಿನ ಬಗ್ಗೆ ಹೇಳಲು ಹೆಚ್ಚೇನಿಲ್ಲ. ತುಳಿದೆ, ಇಳಿದೆ, ತಳ್ಳಿದೆ, ಮತ್ತೆ ತುಳಿದೆ. ಸಂಜೆಯ ವರದಿ ಕಳಿಸಲು ಕುಳಿತಾಗ ಮಾತ್ರ ಕಷ್ಟವಾಯಿತು. ನಿನ್ನ ಕಾಲಿಗೆ ಆಗುತ್ತದೆ ಎನ್ನುವ ಹಾಗಿಲ್ಲ, ಆಗುವುದಿಲ್ಲ ಎನ್ನುವ ಹಾಗೂ ಇಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಒಂದು ತಿರುವಿನಲ್ಲಿ ಹಲಸಿನ ಮರ ಇದೆ, ಅದರ ಕೆಳಗೆ ಬಾವಿ. ಒಂದು ಮನೆಯ ಹಿತ್ತಲಲ್ಲಿ ಜೋಳ ಕಂಡೆ, ನಮ್ಮದೇ ಥರ ತೆನೆ. ರೊಟ್ಟಿ ಬಡಿಯುವ ಹಾಗೆ ಅಂಗೈ ತಟ್ಟಿ ತೋರಿಸಿದರೆ ಆ ಮನೆಯವಳಿಗೆ ತಿಳಿಯಲಿಲ್ಲ, ಅವರು ಅದನ್ನು ಅನ್ನದ ಹಾಗೆ ಬೇಯಿಸುತ್ತಾರಂತೆ. ಶಾಹೀನ್ ಕೂಡಲೇ ಉತ್ತರ ಕಳಿಸಿದಳು: "ರೊಟ್ಟಿ ಗೊತ್ತಿಲ್ಲ? ಪಾಪ! ಮುಂದ?"

ಮುಂದೆ ಮೌಮೆರೆ. ದೊಡ್ಡ ಏರುಗಳೆಲ್ಲ ಹಿಂದುಳಿದು ರಸ್ತೆ ತಾನಾಗಿ ಇಳಿಯುತ್ತ ಹೋಯಿತು. ಊರು ಬಂತು, ಮೀನು ಮಾರ್ಕೆಟ್ಟು ಬಂತು, ಅದರ ಹಿಂದೆ ರಸ್ತೆ ಮುಗಿದು ಸಮುದ್ರ. ಕಮಾನು ಇಲ್ಲ, ಚಪ್ಪಾಳೆ ಇಲ್ಲ. ದೋಣಿ ತೊಳೆಯುತ್ತಿದ್ದ ಇಬ್ಬರು ನನ್ನನ್ನು ನೋಡಿ ಮತ್ತೆ ದೋಣಿ ತೊಳೆದರು. ಗೆದ್ದೆ ಎಂದು ಅನ್ನಿಸುತ್ತದೆಯೇನೋ ಎಂದು ಸ್ವಲ್ಪ ಹೊತ್ತು ಕಾದೆ. ಅನ್ನಿಸಲಿಲ್ಲ. ಸೈಕಲ್ಲನ್ನು ಗೋಡೆಗೆ ಒರಗಿಸಿ ವಿಡಿಯೊ ಕರೆ ಮಾಡಿದೆ.

ಶಾಹೀನ್ ಅಂಗಡಿಯಲ್ಲಿ ಕೆಳಗೆ ಕುಳಿತಿದ್ದಳು. ಬಲಗಾಲನ್ನು ಸ್ಟೂಲಿನ ಮೇಲೆ ನೀಡಿಕೊಂಡಿದ್ದಳು. ಇಷ್ಟು ದಿನ ಫೋನನ್ನು ಮುಖದ ಹತ್ತಿರವೇ ಹಿಡಿದು ಮಾತಾಡುತ್ತಿದ್ದವಳು ಇವತ್ತು ಕಾಲನ್ನು ಅಡಗಿಸಲಿಲ್ಲ.

"ಮುಟ್ಟಿದೆ," ಎಂದೆ. "ತಡಿ, ಸಮುದ್ರ ತೋರಸ್ತೀನಿ."

"ಸಮುದ್ರ ಬ್ಯಾಡ. ನಿನ್ನ ಮಾರಿ ತೋರಸು." ನೋಡಿದಳು. "ಹ್ಯಾಂಗನಸ್ತದ?"

ಚಂದ ಅನ್ನಿಸುತ್ತದೆ ಎಂದು ಹೇಳಬೇಕೆಂದುಕೊಂಡೆ. ಅವಳಿಗಾಗಿಯಾದರೂ ಹೇಳಬೇಕಿತ್ತು. ಬಾಯಿಗೆ ಬರಲಿಲ್ಲ. "ಏನೂ ಅನಸವಲ್ದು, ಶಾಹೀನ್. ದಣದೀನಿ. ಭಾಳ ಅಂದ್ರ ಭಾಳ ದಣದೀನಿ. ನಿಂದರ್ಲಿಕ್ಕೂ ಆಗವಲ್ದು."

ಅವಳು ನನ್ನ ಒಡೆದ ತುಟಿ, ಬಿಸಿಲಿಗೆ ಸುಲಿದ ಮೂಗು, ಕೊರಳಿಗೆ ಇಳಿಯುತ್ತಿದ್ದ ಬೆವರು, ಎಲ್ಲವನ್ನೂ ಒಂದೊಂದಾಗಿ ನೋಡಿದಳು.

"ಹಂಗ ದಣೀಬೇಕಂತ ನಂಗ ಭಾಳ ಆಸೆ ಇತ್ತು," ಎಂದಳು.

ನಾನು ಮುಖ ಒರೆಸಿಕೊಳ್ಳಲಿಲ್ಲ. ಅವಳಿಗೆ ಬೇಕಾದಷ್ಟು ಹೊತ್ತು ನೋಡಲಿ ಎಂದು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಹಾಗೇ ನಿಂತುಕೊಂಡೆ.